ಒಂಟಿ ಕಾಲಿನ ಜನರಲ್‌ನ ಅರ್ಥಗಾರಿಕೆ

ಕೊಲ್ಲಿ ದೇಶದ ಅಲ್ ಕುಸೈಸ್‌ನ ಮಗಳ ಮನೆಯಲ್ಲಿದ್ದಾಗ ನಾನು ಅಮೆರಿಕದ ಒಬ್ಬ ಜನರಲ್‌ನ ಅರ್ಥವನ್ನು ಮೊಮ್ಮಗಳಿಗೆ ಹೇಳಿಕೊಟ್ಟೆ. ನನಗೆ ಇಂಗ್ಲಿಷ್ ಬಾರದು. ಕನ್ನಡವೂ ಅಕ್ಷರ ಕೂಡಿಸಿ ಓದುವಷ್ಟೇ. ಆದರೆ ನನ್ನ ಅಣ್ಣ ತಾಳಮದ್ದಳೆಯ ಅರ್ಥಧಾರಿ, ವೇಷವಿಲ್ಲದೆ ಕೂತು ಪಾತ್ರವೇ ಆಗಿ ಮಾತಾಡುವವನು; ಆ ಮಾತಿಗೇ ಅರ್ಥ ಎನ್ನುವುದು. ಕೌರವನ ಮಾತು ಹೇಗಿರಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊಮ್ಮಗಳದು ಅಮೆರಿಕದ ಸಿಲೆಬಸ್ಸಿನ ಶಾಲೆ. ಆ ದೇಶದ ಅಂತರ್ಯುದ್ಧದ ಒಬ್ಬೊಬ್ಬರನ್ನು ಟೀಚರ್ ಮಕ್ಕಳಿಗೆ ಹಂಚಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಆ ವ್ಯಕ್ತಿಯೇ ಆಗಿ ಮಾತಾಡಬೇಕು. ಇವಳ ಪಾಲಿಗೆ ಬಂದವನು ದಕ್ಷಿಣದ ಜನರಲ್. ಸರ್ಕಾರದ ಮಿಲಿಟರಿ ಶಾಲೆಯಲ್ಲಿ ಕಲಿತು, ಸರ್ಕಾರದ ಅನ್ನ ತಿಂದು, ದಕ್ಷಿಣದ ರಾಜ್ಯಗಳು ಬೇರೆಯಾದಾಗ ಕೆಲಸ ಬಿಟ್ಟು ಅತ್ತ ಹೋದವನು. ಮುನ್ನುಗ್ಗುವುದರಲ್ಲಿ ಹೆಸರು ಮಾಡಿದ. ಒಂದು ಕಾಳಗದಲ್ಲಿ ಕೈ ಊನವಾಯಿತು, ಇನ್ನೊಂದರಲ್ಲಿ ಕಾಲು ಹೋಯಿತು. ಆಮೇಲೆ ಅವನನ್ನು ಕುದುರೆಗೆ ಕಟ್ಟಿ ಕೂರಿಸುತ್ತಿದ್ದರಂತೆ. ಅಂಥವನ ಕೈಗೆ ಪೂರ್ತಿ ಸೈನ್ಯ ಕೊಟ್ಟರು. ಅವನಿಗೆ ನುಗ್ಗುವುದು ಬಿಟ್ಟು ಬೇರೆ ಗೊತ್ತಿಲ್ಲ. ಎದುರಾಳಿಗಳು ಮಣ್ಣಿನ ಗೋಡೆಯ ಹಿಂದೆ ಕೂತಿದ್ದರೂ ತೆರೆದ ಬಯಲಲ್ಲಿ ಜನರನ್ನು ನುಗ್ಗಿಸಿ ಕೊಲ್ಲಿಸಿದ. ಸೈನ್ಯ ಮುಗಿದ ಮೇಲೆ ಹುದ್ದೆ ಬಿಟ್ಟ.

ಇದನ್ನು ಹುಡುಗಿ ಸತ್ತ ದನಿಯಲ್ಲಿ ಒಪ್ಪಿಸಿದಳು.

“ಇದೆಂತ, ರೇಷನ್ ಅಂಗಡಿ ಬೋರ್ಡ್ ಓದಿದ ಹಾಗೆ?” ಎಂದೆ.

“ಅಜ್ಜೀ, ಅವನು ಬ್ಯಾಡ್ ಗೈ. ಮತ್ತೆ ಸೋತವನು.”

“ಕೌರವ ಗೆದ್ದಿದ್ದಾನಾ? ಪಾತ್ರ ಹಿಡಿದ ಮೇಲೆ ಅವನ ಪಕ್ಷವೇ ನಿನ್ನ ಪಕ್ಷ. ‘ನನ್ನ ನೆಲ, ನನ್ನ ಜನ’ ಅಂತ ಶುರು ಮಾಡು ಮಾರಾಯ್ತಿ. ಕಾಲು ಹೋದದ್ದನ್ನು ಕಡೆಗೆ ಹೇಳು.”

ಗುರುವಾರ ಅವಳು ಹಾಗೆಯೇ ಹೇಳಿದಳು. ಕ್ಲಾಸು ಚಪ್ಪಾಳೆ ತಟ್ಟಿತು, ಟೀಚರ್ ಪೂರ್ತಿ ಮಾರ್ಕು ಕೊಟ್ಟರು. ಆದರೆ ಮನೆಗೆ ಬಂದವಳು ಶೂ ಬಿಚ್ಚದೆ ಸೋಫಾದ ಮೇಲೆ ಬಿದ್ದು ಅತ್ತಳು. ನಮ್ಮ ಮೇಲಿನ ಫ್ಲಾಟಿನ ಹುಡುಗಿ ಇವಳ ಏಕೈಕ ಗೆಳತಿ, ಅದೇ ಕ್ಲಾಸು. ಅಮೆರಿಕದವಳು, ಅವಳ ಹಿರಿಯರನ್ನು ದಕ್ಷಿಣದ ಹತ್ತಿಹೊಲಗಳಲ್ಲಿ ಗುಲಾಮರಾಗಿ ದುಡಿಸಿದ್ದರು; ಆ ಗುಲಾಮಗಿರಿ ಉಳಿಸಲೆಂದೇ ದಕ್ಷಿಣದವರು ಯುದ್ಧಕ್ಕೆ ಇಳಿದದ್ದು. ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳಂತೆ. “ಅವಳು ಇನ್ನು ನನ್ನ ಹತ್ತಿರ ಮಾತಾಡುದಿಲ್ಲ” ಎಂದು ಇವಳ ಗೋಳು.

ಮಗಳು ನನ್ನ ಮೇಲೆ ಹರಿಹಾಯ್ದಳು. “ಅಮ್ಮಾ, ಎಂತ ಕಲಿಸಿದ್ದು ನೀವು? ಗುಲಾಮರ ಸುದ್ದಿಯೇ ಇಲ್ಲ!”

“ಅವ ಯಾಕೆ ಹೇಳ್ತಾನೆ ಅದನ್ನು? ಅದು ಎದುರು ಕೂತವರು ಕೇಳ್ಬೇಕು. ಅಲ್ಲಿ ಎದುರು ಪಾತ್ರವೇ ಇರ್ಲಿಲ್ಲ.”

ತಾಳಮದ್ದಳೆಯಲ್ಲಿ ಕೌರವನನ್ನು ಒಬ್ಬನೇ ಬಿಡುವುದಿಲ್ಲ. ಎದುರಿಗೆ ಕೃಷ್ಣನೋ ಭೀಮನೋ ಇರುತ್ತಾನೆ. ಶಾಲೆಯವರು ಕೌರವನನ್ನು ಮಾತ್ರ ಕೂರಿಸಿ ಚಪ್ಪಾಳೆ ತಟ್ಟಿದ್ದರು.

ಅಲ್ಲಿ ಆಗ ಶುಕ್ರವಾರ, ಶನಿವಾರ ರಜೆ. ಶುಕ್ರವಾರವೇ ಮೊಮ್ಮಗಳನ್ನು ಎಳೆದುಕೊಂಡು ಮೇಲಕ್ಕೆ ಹೋದೆ. ಬಾಗಿಲಲ್ಲಿ ಆ ಹುಡುಗಿ ಕೈಕಟ್ಟಿ ನಿಂತಳು, ಒಳಗೆ ಕರೆಯಲಿಲ್ಲ.

“ಜನರಲ್ ಬಂದಿದ್ದಾನೆ, ಏನು ಬೇಕಾದರೂ ಕೇಳು ಅಂತ ಹೇಳು ಅವಳಿಗೆ” ಎಂದೆ. ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದಳು.

ಹುಡುಗಿ ಒಂದೇ ಮಾತು ಕೇಳಿದಳು. ಮೊಮ್ಮಗಳ ಮುಖ ಸಣ್ಣದಾಯಿತು.

“ಎಂತ ಕೇಳಿದ್ದು?”

“ನನ್ನ ಸೈನ್ಯ ಗೆದ್ದಿದ್ರೆ ಅವಳ ಅಜ್ಜಿಯ ಅಜ್ಜಿ ಎಂತ ಆಗ್ತಿದ್ಳು ಅಂತ.”

“ಹೇಳು ಮತ್ತೆ.”

“ಅಜ್ಜೀ...”

“ನನ್ನನ್ನು ಎಂತ ನೋಡುದು? ಪಾತ್ರ ನಿನ್ನದು.”

ಗುಲಾಮಳಾಗಿಯೇ ಇರುತ್ತಿದ್ದಳು ಎಂದು ಇವಳು ಹೇಳಿದಳು. ಆ ಹುಡುಗಿ ತಲೆ ಆಡಿಸಿದಳು, ಇನ್ನೇನೋ ಹೇಳಿ ಬಾಗಿಲು ಹಾಕಿಕೊಂಡಳು. ಅದನ್ನು ಕ್ಲಾಸಿನಲ್ಲಿ ಹೇಳು ಎಂದಳಂತೆ.

ಭಾನುವಾರ ಮೊಮ್ಮಗಳು ಟೀಚರನ್ನು ಕೇಳಿ ಎದ್ದು ನಿಂತು, ತಾನು ಯಾವುದಕ್ಕಾಗಿ ಯುದ್ಧ ಮಾಡಿದೆ ಎಂಬುದನ್ನು ಜನರಲ್‌ನ ಬಾಯಿಂದಲೇ ಹೇಳಿದಳು. ಈ ಸಲ ಚಪ್ಪಾಳೆ ಬೀಳಲಿಲ್ಲ. ಸಂಜೆ ನಾನು ಬಾಲ್ಕನಿಯಿಂದ ನೋಡಿದೆ. ಬಸ್ಸಿನಿಂದ ಆ ಹುಡುಗಿ ಮೊದಲು ಇಳಿದಳು, ಇವಳು ಹಿಂದಿನಿಂದ. ಲಿಫ್ಟಿನ ಕಡೆಗೆ ನಡೆಯುವಾಗ ಅವಳು ಏನೋ ಕೇಳಿದಳು, ಇವಳು ಉತ್ತರ ಕೊಟ್ಟಳು. ಅಷ್ಟು ದೂರಕ್ಕೆ ನನಗೆ ಕೇಳಿಸಲಿಲ್ಲ.