ಜ್ವರ ಅಂತ ಬರೆದವಳು

ಚನ್ನಪಟ್ಟಣದಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ದಾಸಮ್ಮ ಮೇಡಂ ಬಲು ಸಿಟ್ಟಿನ ಹೆಂಗಸು ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಯಾರಾದರೂ ಅವರ ಮುಂದೆ ಹಳ್ಳಿಯ ಮಾತು ಎಷ್ಟು ಕಾವ್ಯಮಯ ಅಂದರೆ ಸಾಕು, ಕೈಯಲ್ಲಿದ್ದ ಕಾಫಿ ಲೋಟ ಕುಕ್ಕಿ ಎದ್ದು ಹೋಗುತ್ತಾರೆ. ಹೊಗಳಿದವರು ಕಕ್ಕಾಬಿಕ್ಕಿ. ಆ ಸಿಟ್ಟು ಹುಟ್ಟಿದ್ದು ಅವರಿನ್ನೂ ಮೇಡಂ ಆಗಿರದ ಕಾಲದಲ್ಲಿ, ದೊಡ್ಡಆಲಹಳ್ಳಿಯ ಲಕ್ಕಯ್ಯನ ಮಗಳಾಗಿ ಎರಡು ಜಡೆ ಹಾಕಿಕೊಂಡು ಓಡಾಡುತ್ತಿದ್ದಾಗ.

ಎಂಬತ್ತರ ದಶಕದ ಮೊದಲ ವರ್ಷಗಳು. ರೇಷ್ಮೆಗೆ ಚಿನ್ನದ ಬೆಲೆ. ರಾಗಿ ಹೊಲ ಉತ್ತು ಹಿಪ್ಪುನೇರಳೆ ನೆಟ್ಟವರೇ ಎಲ್ಲ. ಕುರಿಮಂದೆ ಇಟ್ಟುಕೊಂಡಿದ್ದ ಲಕ್ಕಯ್ಯನೂ ಅರ್ಧ ಮಂದೆ ಮಾರಿ ಹುಳ ಸಾಕಲು ನಿಂತ. ಅಲ್ಲಿಂದಾಚೆಗೆ ನಡುಮನೆ ಹುಳದ್ದು, ಕೋಣೆ ಹುಳದ್ದು, ಮನೆ ಮಂದಿಗೆ ಜಗಲಿ. ಹುಳದ ತಟ್ಟೆಗೆ ಹಾಸಲು ಬೆಂಗಳೂರಿನಿಂದ ಹಳೇ ಪೇಪರಿನ ಕಟ್ಟು ತರಿಸುತ್ತಿದ್ದರು. ಇಂಗ್ಲಿಷ್ ಪೇಪರಿನಲ್ಲಿ ಹಾಳೆ ಜಾಸ್ತಿ ಎಂದು ಲಕ್ಕಯ್ಯ ಅದನ್ನೇ ಕೇಳಿ ತರುತ್ತಿದ್ದ. ಒಂದೊಂದು ಹಾಳೆಯನ್ನೂ ಹಾಸುವ ಮುಂಚೆ ದಾಸಮ್ಮ ಓದಿ ಮುಗಿಸಬೇಕು.

"ಹುಳ ಹಸ್ಕೊಂಡವೆ, ನೀನು ಪೇಪರ್ ಇಡ್ಕಂಡು ಕುಂತಿದ್ದೀಯಲ್ಲ," ಎಂದು ತಾಯಿ ತಿಮ್ಮಮ್ಮ ಗದರುತ್ತಿದ್ದಳು. "ಓದಿ ಅದೇನ್ ಕಡ್ದು ಕಟ್ಟೆ ಹಾಕ್ಬೇಕೋ."

ಕಡಿದು ಕಟ್ಟೆ ಹಾಕುವುದೇನೋ ಅವಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಆ ಭಾಷೆಯನ್ನು ಸಾಹಿತ್ಯವಾಗಿ ಓದಬೇಕು, ಅದರಲ್ಲಿ ತಾನೂ ಬರೆಯಬೇಕು. ಪಿಯುಸಿ ಮುಗಿಯುವ ಹೊತ್ತಿಗೆ ಈ ಆಸೆ ಹಟವಾಗಿತ್ತು. ಬೇರೆ ಯಾವ ಸೀಟೂ ಅವಳಿಗೆ ಬೇಡ.

ಆ ವರ್ಷ ರಾಮನಗರದ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಎ.ಗೆ ಇಂಗ್ಲಿಷ್ ಸಾಹಿತ್ಯ ಶುರುವಾಯಿತು. ಈಗ ಆ ಕಾಲೇಜೇ ಇಲ್ಲ, ಹೆಸರು ಹೇಳಿ ಏನು ಪ್ರಯೋಜನ. ಸೇರುವವರಿಗೆ ಬೇಕಾದ ಅರ್ಹತೆಯನ್ನು ಬೋರ್ಡಿಗೆ ಅಂಟಿಸಿದ್ದರು. ಪಿಯುಸಿಯ ಇಂಗ್ಲಿಷಿನಲ್ಲಿ ನೂರಕ್ಕೆ ಐವತ್ತು ಅಂಕ ಇರಬೇಕು. ಅದರ ಮೇಲೆ, ವಿಭಾಗದ ಮುಖ್ಯಸ್ಥರ ಎದುರು ಕೂತು ಒಂದು ಪುಟ ಸ್ವಂತ ಇಂಗ್ಲಿಷಿನಲ್ಲಿ ಬರೆಯಬೇಕು. ಅಂಕ ದಾಸಮ್ಮನಿಗೆ ಐವತ್ತಕ್ಕಿಂತ ಜಾಸ್ತಿಯೇ ಬಂದಿತ್ತು. ಬರೆಯಲು ಕೊಟ್ಟ ವಿಷಯ: ನಮ್ಮ ಮನೆಯ ಮುಖ್ಯವಾದ ಒಂದು ದಿನ.

ಉಳಿದವರು ಹುಟ್ಟುಹಬ್ಬ, ಅಕ್ಕನ ಮದುವೆ ಎಂದೆಲ್ಲ ಬರೆದರು. ದಾಸಮ್ಮ ಬರೆದದ್ದು ಹುಳದ ಜ್ವರ. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆ ಎತ್ತಿ, ಅಲುಗದೆ ಕೂರುತ್ತದೆ. ಅದಕ್ಕೆ ಈ ಸೀಮೆಯಲ್ಲಿ ಜ್ವರ ಎಂದೇ ಹೆಸರು. ಬೇರೆ ಮಾತು ಯಾರಿಗೂ ಬೇಕಾಗಿಲ್ಲ. ಅವಳು ಇಂಗ್ಲಿಷಿನಲ್ಲಿ ಬರೆದದ್ದು ಹೀಗೆ: ನಮ್ಮ ಹುಳಗಳಿಗೆ ಇವತ್ತು ಕೊನೆಯ ಜ್ವರ. ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ನಮ್ಮವ್ವ ಒಗ್ಗರಣೆ ಹಾಕುವುದಿಲ್ಲ, ನೆಂಟರನ್ನು ಒಳಗೆ ಬಿಡುವುದಿಲ್ಲ. ಅವು ಎದ್ದು ಸೊಪ್ಪಿಗೆ ಬಾಯಿ ಹಾಕುವವರೆಗೆ ಅವಳೂ ಮುದ್ದೆ ಮುರಿಯುವುದಿಲ್ಲ.

ಮುಖ್ಯಸ್ಥರು ಆ ಹಾಳೆ ಹಿಡಿದು ದಾಸಮ್ಮನನ್ನು ಸ್ಟಾಫ್ ರೂಮಿಗೆ ಕರೆಸಿಕೊಂಡರು. ಒಬ್ಬಳನ್ನೇ ಕರೆದು ಹೇಳಿದ್ದರೆ ಬೇರೆ ಮಾತು. ಅಲ್ಲಿದ್ದ ಮೇಷ್ಟರುಗಳಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದರು.

"ಯಾವ ಡಾಕ್ಟರ ಹತ್ತಿರ ತೋರಿಸಿದಿರಿ ತಾಯಿ?" ಅಂದರು. "ಮಾತ್ರೆ ಹೇಗೆ ನುಂಗಿಸ್ತೀರಿ?"

ರೂಮಿಗೆ ರೂಮೇ ನಕ್ಕಿತು. ಹದಿನೆಂಟರ ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು ಬೆಳೆದ ಗಂಡಸರು ನಗುವ ನಗೆ ಇದೆಯಲ್ಲ, ಅದಕ್ಕಿಂತ ಹೇಸಿಗೆ ಇನ್ನೊಂದಿಲ್ಲ.

"ಸಾರ್, ಅದಕ್ಕೆ ಇಂಗ್ಲಿಷಲ್ಲಿ ಏನಂತಾರೆ ಹೇಳಿ, ಅದೇ ಬರೀತೀನಿ," ಅಂದಳು ದಾಸಮ್ಮ.

"ಇಲ್ಲದ ಕಾಯಿಲೆಗೆ ಯಾವ ಭಾಷೆಯಲ್ಲೂ ಹೆಸರಿರೋದಿಲ್ಲಮ್ಮ. ಕನ್ನಡ ತಗೋ. ಅಲ್ಲಿ ಏನು ಬರೆದರೂ ನಡೆಯುತ್ತೆ."

ಒಂದೇ ಒದೆಗೆ ಎರಡು. ಅವಳನ್ನೂ ಒದ್ದರು, ಕನ್ನಡವನ್ನೂ ಒದ್ದರು. ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಬದಿಗಿಟ್ಟರು.

ಮಾರನೆಯ ದಿನ ದಾಸಮ್ಮ ಅಪ್ಪನನ್ನು ಕರೆದುಕೊಂಡು ಮತ್ತೆ ಹೋದಳು. ಲಕ್ಕಯ್ಯ ಗೂಡು ಮಾರಿದ ದುಡ್ಡಲ್ಲಿ ಹೊಲಿಸಿದ ಟೆರಿಲಿನ್ ಶರ್ಟು ಹಾಕಿದ್ದ. ಮುಖ್ಯಸ್ಥರ ಮುಂದೆ ಕೈಕಟ್ಟಿ ನಿಂತು, "ಸ್ವಾಮಿ, ಜ್ವರಾನ ಜ್ವರ ಅನ್ದೆ ಇನ್ನೇನಂದಾಳು ಮಗ?" ಎಂದು ಕೇಳಿದ. ಅವರು ತಲೆ ಎತ್ತಲಿಲ್ಲ. ಜವಾನ ಬಂದು ಇಬ್ಬರನ್ನೂ ಹೊರಗೆ ಕಳಿಸಿದ.

"ಬಾ ಮಗ, ಹೋಗವ. ಸೊಪ್ಪು ಕೊಯ್ಬೇಕು," ಅಂದ ಲಕ್ಕಯ್ಯ.

"ನೀನೋಗಪ್ಪ. ನಾನು ಬರಾಕಿಲ್ಲ."

ಅವನು ಒಸಿ ಹೊತ್ತು ನಿಂತು ನೋಡಿ ಬಸ್ಸಿಗೆ ಹೋದ. ದಾಸಮ್ಮ ಆಫೀಸಿನ ಬಾಗಿಲಿಗೆ ಎದುರಾಗಿ ಗೋಡೆಗೊರಗಿ ನಿಂತಳು. ಅಳಲಿಲ್ಲ. ಒಳಗೆ ಹೋಗುವವರೂ ಬರುವವರೂ ಅವಳನ್ನು ದಾಟಿಕೊಂಡೇ ಓಡಾಡಬೇಕಾಯಿತು.

ಹೊಸ ವಿಷಯ ಶುರುವಾದ ವರ್ಷವಾದ್ದರಿಂದ ಸೀಟು ಹಂಚುವುದನ್ನು ನೋಡಲು ವಿಶ್ವವಿದ್ಯಾಲಯದಿಂದ ಒಬ್ಬ ಪ್ರೊಫೆಸರು ಬಂದಿದ್ದರು. ಮಧ್ಯಾಹ್ನ ಮುಖ್ಯಸ್ಥರ ಜೊತೆ ಕಾಫಿಗೆ ಹೊರಟವರು ಹುಡುಗಿಯನ್ನು ನೋಡಿ ಏನು ವಿಷಯ ಎಂದರು. ವಿಷಯ ತಿಳಿದ ಮೇಲೆ ಹಾಳೆ ತರಿಸಿಕೊಂಡು ಅಲ್ಲೇ ನಿಂತು ಓದಿದರು. ಅವರು ನಗಲಿಲ್ಲ.

"ಏನ್ರೀ ಇದು," ಎಂದು ಅವರು ಮುಖ್ಯಸ್ಥರ ಕಡೆ ತಿರುಗಿದರು. "ಎಂಥ ರೂಪಕ ಕಟ್ಟಿದ್ದಾಳೆ ನೋಡಿ. ಹುಳಕ್ಕೆ ಜ್ವರವಂತೆ, ತಾಯಿ ಉಪವಾಸವಂತೆ. ಈ ಕಲ್ಪನಾಶಕ್ತಿಗೆ ಸೀಟು ಇಲ್ಲ ಅಂದ್ರಾ?"

"ಹೌದು ಸಾರ್, ನನಗೂ ಹಾಗೇ ಅನ್ನಿಸ್ತು," ಎಂದಿತು ನಿನ್ನೆ ಹುಳಕ್ಕೆ ಮಾತ್ರೆ ಕೇಳಿದ ಬಾಯಿ. ನಾಲಿಗೆಗೆ ಮೂಳೆ ಇಲ್ಲ ಅನ್ನುವುದು ಇಂಥವರಿಗೇ.

ದಾಸಮ್ಮ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಕೈಗೆ ಬಂದ ತುತ್ತು. ಆದರೆ ಅವಳ ಬಾಯಿ ಕೇಳಲಿಲ್ಲ.

"ಸಾರ್, ನಾನು ಕಟ್ಟಿದ್ದಲ್ಲ ಅದು. ನಮ್ ಕಡೆ ಹಂಗೇ ಅಂತಾರೆ. ನಮ್ಮವ್ವ ನಿಜವಾಗ್ಲೂ ಉಣ್ಣಲ್ಲ."

ಪ್ರೊಫೆಸರು ಅವಳ ತಲೆ ನೇವರಿಸಿದರು. "ನೋಡಿ, ಎಷ್ಟು ವಿನಯ. ಚೆನ್ನಾಗಿ ಬರೆಯುವವರು ಯಾವತ್ತೂ ಒಪ್ಪೋದಿಲ್ಲ."

"ವಿನಯ ಅಲ್ಲ ಸಾರ್."

"ಆಯ್ತಮ್ಮ, ಆಯ್ತು." ಕೆಂಪು ಗೆರೆಯ ಪಕ್ಕದಲ್ಲೇ ‘ಉತ್ತಮ ಕಲ್ಪನೆ, ಸೇರಿಸಿಕೊಳ್ಳಿ’ ಎಂದು ಇಂಗ್ಲಿಷಿನಲ್ಲಿ ಬರೆದು ರುಜು ಹಾಕಿದರು.

ಆ ಹಾಳೆ ಕಿತ್ತುಕೊಂಡು ಹರಿದು ಹಾಕಬೇಕು ಅನ್ನಿಸಿತು ದಾಸಮ್ಮನಿಗೆ. ಕೈ ಮುಂದಕ್ಕೂ ಹೋಯಿತು. ನಿನ್ನೆಯವನಾದರೂ ಸುಳ್ಳು ಎಂದು ಮುಖಕ್ಕೆ ಹೇಳಿ ನಕ್ಕಿದ್ದ. ಈ ಮನುಷ್ಯ ಅದನ್ನೇ ಬೆನ್ನು ತಟ್ಟಿ ಹೇಳುತ್ತಿದ್ದಾನೆ. ಹರಿದರೆ ಸೀಟು ಹೋಗುತ್ತದೆ, ಹೋದರೆ ಇನ್ನೊಂದಿಲ್ಲ. ಮುಂದೆ ಹೋದ ಕೈ ಇನ್ನೊಂದು ಕೈಯನ್ನು ಕೂಡಿಕೊಂಡಿತು. ನಮಸ್ಕಾರ ಮಾಡಿ ಥ್ಯಾಂಕ್ಸ್ ಸಾರ್ ಅಂದಳು.

ಸಂಜೆ ಮನೆಗೆ ಬಂದಾಗ ತಿಮ್ಮಮ್ಮ ಜಗಲಿಯಲ್ಲಿ ಕೂತು ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದಳು.

"ಸೀಟ್ ಕೊಟ್ರವ್ವ?"

"ಕೊಟ್ರು."

"ಮತ್ಯಾಕೆ ಮೊಕ ಇಂಗೆ ಊದ್ಕಂಡೈತೆ?"

ದಾಸಮ್ಮ ಎಲ್ಲ ಹೇಳಿದಳು. ಸ್ಟಾಫ್ ರೂಮಿನ ನಗು, ಕನ್ನಡ ತಗೋ ಅಂದದ್ದು, ಪ್ರೊಫೆಸರು ತಲೆ ನೇವರಿಸಿದ್ದು, ಒಂದನ್ನೂ ಬಿಡಲಿಲ್ಲ. ತಿಮ್ಮಮ್ಮ ಸೊಪ್ಪು ಹೆಚ್ಚುತ್ತಲೇ ಕೇಳಿದಳು.

"ನಕ್ಕಿದ್ದು ಬುಡು, ನಗೋರು ಎಲ್ಲೂ ಇರ್ತಾರೆ. ಆ ದೊಡ್ ಮೇಷ್ಟ್ರು ಏನೋ ಅಂದ್ರು ಅಂದ್ಯಲ್ಲ, ಅದೇನು?"

"ರೂಪಕ."

"ಅಂಗಂದ್ರೆ?"

"ಇಲ್ದೇ ಇರೋದ್ನ ಚೆಂದಾಗಿ ಕಟ್ಟಿ ಹೇಳೋದು ಅಂತ ಅವ್ರ ಲೆಕ್ಕ."

ತಿಮ್ಮಮ್ಮನ ಕೈ ನಿಂತಿತು. ಮಗಳ ಮುಖವನ್ನೇ ನೋಡಿದಳು.

"ಅಂಗಾರೆ ನಾನು ಉಪ್ಪಾಸ ಇದ್ದಿದ್ದು?"

ದಾಸಮ್ಮ ಕಂಬ ಹಿಡಿದು ನಿಂತಿದ್ದಳು.

"ಅದ್ನೇ ಕೊಟ್ಬುಟ್ಟು ಸೀಟ್ ತಂದಿವ್ನಿ ಕಣವ್ವ," ಅಂದಳು.