ಎರಡನೇ ನಟ್ಟು

ನಮ್ಮ ಆಫೀಸಿನಲ್ಲಿ ಅವಳನ್ನು ನಟ್ಟಕ್ಕ ಎನ್ನುತ್ತಿದ್ದೆವು. ಬೆನ್ನ ಹಿಂದೆ ಅಲ್ಲ, ಮುಖದೆದುರೇ. ಉಕ್ಕಿನ ಕಟ್ಟಡಗಳನ್ನು ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ ತೋರಿಸುವುದು ನಮ್ಮ ಕೆಲಸ. ಕಂಬ, ತೊಲೆ ನಿಲ್ಲಿಸುವವರು ನಾವು. ಅವನ್ನು ಹಿಡಿದಿಡುವ ಬೋಲ್ಟುಗಳು ಅವಳ ಪಾಲು. ಸಾಫ್ಟ್‌ವೇರಿನಲ್ಲಿ ಸಿದ್ಧವಾಗಿರುವ ಜೋಡಣೆಗಳು ಎಲ್ಲ ಕಡೆ ಒಗ್ಗುವುದಿಲ್ಲ. ಬೋಲ್ಟು, ವಾಷರು, ನಟ್ಟು, ಅದು ಸಡಿಲವಾಗದಂತೆ ಮೇಲೊಂದು ಎರಡನೇ ನಟ್ಟು, ಹೀಗೆ ಒಂದೊಂದರ ಮುಂದೆಯೂ ಪುಟ್ಟ ಚೌಕವಿರುತ್ತದೆ. ಚೌಕಕ್ಕೆ ಟಿಕ್ ಹಾಕಿದರೆ ಆ ವಸ್ತು ಸೈಟಿಗೆ ಹೋಗುವ ಪಟ್ಟಿಗೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಬೇಕಾದ ಹಾಗೆ ಹೊಸ ಜೋಡಣೆ ಮಾಡಿ, ಹೆಸರಿಟ್ಟು ಉಳಿಸುವುದರಲ್ಲಿ ಅವಳದು ಎತ್ತಿದ ಕೈ. ತೊಲೆಯನ್ನು ತಲೆಯ ಮೇಲೆ ಹೊತ್ತವರಂತೆ ಬೀಗುತ್ತಿದ್ದ ನಾವು, ಸಿಕ್ಕಿಬಿದ್ದಾಗ ಅವಳ ಕುರ್ಚಿಯ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದೆವು.

ಆರು ವರ್ಷದ ಹಿಂದೆ ಒಂದು ಕಾರ್ಖಾನೆಯ ಕೆಲಸ ಬಂತು. ಯಂತ್ರದ ಪಕ್ಕದಲ್ಲಿ, ಸದಾ ಅದುರುವ ಜಾಗದಲ್ಲಿ, ಜನ ಓಡಾಡಲು ಅಟ್ಟಣೆ. ನಟ್ಟಕ್ಕ ಹಳೆಯ ಜೋಡಣೆಯೊಂದನ್ನು ನಕಲು ಮಾಡಿ, 'ಎರಡು ನಟ್ಟು' ಎಂದು ಹೆಸರು ಬದಲಿಸಿದಳು. ಎರಡನೇ ನಟ್ಟಿನ ಚೌಕಕ್ಕೆ ಟಿಕ್ ಹಾಕುವುದನ್ನು ಮರೆತಳು. ಸಾಮಾನು ತಲುಪಿದ ದಿನ ಸೈಟಿನ ಮೇಸ್ತ್ರಿ ಫೋನ್ ಮಾಡಿದ.

"ಅಕ್ಕಾ, ನಟ್ಟು ಒಂದೊಂದೇ ಬಂದಿದೆ. ಸರೀನಾ?"

"ಲಿಸ್ಟಲ್ಲಿ ಏನಿದೆಯೋ ಅದೇ ಹಾಕಿ ಅಣ್ಣಾ," ಎಂದಳು, ಪಟ್ಟಿ ತೆರೆದು ನೋಡದೆ. ಪಕ್ಕದ ಕುರ್ಚಿಯಲ್ಲಿ ನಾನಿದ್ದೆ. ನನಗೂ ಕಿವಿ ಇತ್ತು.

ನಾಲ್ಕೇ ತಿಂಗಳಲ್ಲಿ ನಟ್ಟುಗಳು ತಿರುಗಿ ತಿರುಗಿ ಕಳಚಿಕೊಂಡವು. ಅಟ್ಟಣೆ ವಾಲಿತು. ಬಿದ್ದು ಸತ್ತವನು ಮೇಸ್ತ್ರಿಯ ಹೆಂಡತಿಯ ತಮ್ಮ. ಅವನನ್ನು ಕೆಲಸಕ್ಕೆ ಸೇರಿಸಿದ್ದವನು ಮೇಸ್ತ್ರಿಯೇ. ವಿಚಾರಣೆಗೆ ಬಂದ ಮಹಾಶಯರು ಜೋಡಣೆಯ ಹೆಸರು ಓದಿದರು, ಚೌಕ ನೋಡಲಿಲ್ಲ. ಎರಡನೆಯದನ್ನು ಮೇಸ್ತ್ರಿ ಹಾಕಿಲ್ಲ ಎಂದು ಷರಾ ಬರೆದು ಎದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೇಸ್ತ್ರಿಯ ಕೆಲಸ ಹೋಯಿತು, ಹೆಂಡತಿ ಅವನೊಡನೆ ಮಾತು ಬಿಟ್ಟಳು. ನಟ್ಟಕ್ಕ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ, ನಾಚಿಕೆಗೇಡು.

ಅಂದಿನಿಂದ ಅವಳು ಅವಳಾಗಿ ಉಳಿಯಲಿಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ನಟ್ಟನ್ನು ಬೆರಳಿನಿಂದ ಒತ್ತಿ ನೋಡುವಳು. 'ಎರಡು ನಟ್ಟು' ಎಂಬ ಹೆಸರು ಅವಳ ಪರದೆಯ ಮೇಲೆ ಹಾಗೇ ಇತ್ತು. ಅಳಿಸಲೂ ಇಲ್ಲ, ತೆರೆಯಲೂ ಇಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಎಲ್ಲ ನಿಶ್ಶಬ್ದವಾದಾಗ ನನ್ನ ತೋಳು ಹಿಡಿದಳು.

"ಕೇಳಿಸ್ತಾ ಇದೆಯಾ?"

"ಏನು?"

"ತಿರುಗ್ತಾ ಇದೆ. ಮೆಲ್ಲಗೆ."

ಏನೂ ಇಲ್ಲ ಎಂದೆ. ಆದರೆ ಅಂದಿನಿಂದ ನನಗೂ ಕೇಳಿಸತೊಡಗಿತು.

ಹೋದ ತಿಂಗಳು ಅವಳು ಹಳೆಯ ಪಟ್ಟಿಯನ್ನು ಪ್ರಿಂಟ್ ತೆಗೆದು, "ಮೇಸ್ತ್ರಿ ಮನೆಗೆ ಹೋಗಬೇಕು, ಗಾಡಿ ತೆಗಿ," ಎಂದಳು.

ಮೇಸ್ತ್ರಿ ಮನೆಯ ಮುಂದೆ ಗುಜರಿ ಕಬ್ಬಿಣ ಬೇರ್ಪಡಿಸುತ್ತಿದ್ದ. ನಟ್ಟಕ್ಕ ನಿಂತಲ್ಲೇ ಎಲ್ಲ ಹೇಳಿದಳು. ಅವನು ಬೈಯುತ್ತಾನೆಂದು ನಾನು ಕಾದೆ. ಅವನು ತಲೆಯಾಡಿಸಿದ.

"ಇಲ್ಲಕ್ಕಾ. ಎರಡನೇ ನಟ್ಟು ಬಂದಿತ್ತು, ಬೇರೆ ಚೀಲದಲ್ಲಿ. ಹಸಿರು ಚೀಲ. ನಾನೇ ಎಲ್ಲೋ ಇಟ್ಟು ಮರೆತೆ. ಎಲ್ಲಿ ಅಂತ ಇವತ್ತಿಗೂ ನೆನಪಾಗ್ತಿಲ್ಲ."

ತಪ್ಪು ನಿನ್ನದೇ ಎಂದು ಊರೆಲ್ಲ ಹೇಳಿ ಹೇಳಿ, ಅವನ ನೆನಪಿನಲ್ಲಿ ಇಲ್ಲದ ಚೀಲಕ್ಕೆ ಬಣ್ಣವೂ ಬಂದಿತ್ತು.

ನಟ್ಟಕ್ಕ ಕಾಗದವನ್ನು ಅವನ ಕೈಗಿಟ್ಟಳು. ಬೋಲ್ಟು ತೊಂಬತ್ತಾರು, ನಟ್ಟು ತೊಂಬತ್ತಾರು.

"ಚೀಲ ಬಂದೇ ಇರ್ಲಿಲ್ಲ ಅಣ್ಣಾ. ನೀವು ಫೋನ್ ಮಾಡಿ ಕೇಳಿದ್ರಿ. ಹಾಕಿ ಅಂದೋಳು ನಾನು."

ಅವನು ಆ ಸಾಲಿನ ಮೇಲೆ ಎರಡು ಸಲ ಬೆರಳಾಡಿಸಿದ. ಆಮೇಲೆ ಬಾಗಿಲ ಕಡೆ ತಿರುಗಿ, "ಇವಳೇ, ಸ್ವಲ್ಪ ಬಾ ಇಲ್ಲಿ," ಎಂದ. ಒಳಗೆ ಪಾತ್ರೆ ತೊಳೆಯುವ ಸದ್ದು ನಿಲ್ಲಲಿಲ್ಲ.

"ನಾನು ಕರೆದ್ರೆ ಬರಲ್ಲ ಅವಳು," ಎಂದು ಕಾಗದವನ್ನು ನಟ್ಟಕ್ಕನಿಗೆ ಹಿಂದಿರುಗಿಸಿದ. "ನೀವೇ ಒಳಗೆ ಹೋಗಿ ಅಕ್ಕಾ. ಈಗ ಹೇಳಿದ್ರಲ್ಲ, ಅದನ್ನ ಅವಳಿಗೆ ಹೇಳಿ."