ದಿಲ್‌ಶಾದ್ ಆಂಟಿಯ ಮುಕ್ಕಾಲು ಮೈಲಿ

ಕಡಲಾಚೆಯ ನಮ್ಮ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಕಾರು ಓಡಿಸಲು ಬಾರದವರು ಎರಡೇ ಬಗೆ: ಹಸುಗೂಸುಗಳು ಮತ್ತು ನಮ್ಮ ಪಕ್ಕದ ಮನೆಯ ರಾಣೆಬೆನ್ನೂರಿನ ದಿಲ್‌ಶಾದ್ ಆಂಟಿ. ಗಂಡ ಖಾದರ್ ಅಂಕಲ್ಲೋ, ಅಂಚೆಪೆಟ್ಟಿಗೆಗೂ ಕಾರಿನಲ್ಲೇ ಹೋಗುವ ಮಹಾನುಭಾವರು. ಆಂಟಿ ಚಪ್ಪಲಿ ಮೆಟ್ಟಿದರೆ ಸಾಕು, "ಎಲ್ಲಿಗೆ? ಡ್ರಾಪ್ ಮಾಡ್ಲೇನು?"

ಯಾರನ್ನೂ ಕೇಳದೆ ಆಂಟಿ ಹೋಗಬಹುದಾಗಿದ್ದ ದಾರಿ ಒಂದೇ. ನಮ್ಮ ಬಡಾವಣೆಯ ಹಿಂದಿನ ಕಾಡು ಹಾದು ಕೆರೆ ಮುಟ್ಟುವ ಮುಕ್ಕಾಲು ಮೈಲಿಯ ಕಾಲುದಾರಿ. ಹನ್ನೊಂದು ವರ್ಷ ದಿನಾ ನಡೆದಿದ್ದರು.

೨೦೦೩ರ ಬೇಸಿಗೆಯಲ್ಲಿ ಕಾಡಿನ ಹೊಸ ಮಾಲೀಕ ಬೇಲಿ ಹಾಕಲು ಹೊರಟ. ಊರಿನ ಹಾದಿಗಳ ಸಲಹಾ ಸಮಿತಿ ಹೇಳಿತು: ಶನಿವಾರ ಮಧ್ಯಾಹ್ನದೊಳಗೆ ಐವತ್ತು ಜನ ನಡೆದರೆ, ದಾರಿ ಉಳಿಸಿ ಎಂದು ಶಿಫಾರಸು ಮಾಡುತ್ತೇವೆ. ಆಂಟಿ ನಿಂತ ಕಾಲಲ್ಲೇ ಊರಿಗೆಲ್ಲ ಫೋನ್ ಮಾಡಿದರು. ಕೆರೆಯ ದಡದಲ್ಲಿ ಬಿರಿಯಾನಿ, ಒಲ್ಲದವರಿಗೆ ತರಕಾರಿ ಪಲಾವ್! ನಮ್ಮವರ ಗಡಿಯಾರ ಗೊತ್ತಲ್ಲ, ಹನ್ನೊಂದರ ಊಟಕ್ಕೆ ಒಂಬತ್ತಕ್ಕೇ ಕರೆದರು.

ಶನಿವಾರ ನಾನು ದಾರಿಯ ಈ ತುದಿಯಲ್ಲಿ, ನಮ್ಮ ಮನೆಗಳ ಕಡೆ, ಎಣಿಸಲು ಬಂದಿದ್ದ ಸಮಿತಿಯ ಅಜ್ಜಿಯ ಪಕ್ಕ ನಿಂತೆ. ಹತ್ತೂವರೆಯಾದರೂ ಏಳು ಜನ, ಒಂದು ನಾಯಿ. ನಾಯಿಯನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಬೇಡಿದೆ, ಒಪ್ಪಲಿಲ್ಲ. ಕೆರೆಗೆ ಓಡಿದರೆ, ಅಲ್ಲಿ ಇಪ್ಪತ್ತು ಮಿನಿವ್ಯಾನ್! ಜನರೆಲ್ಲ ರಸ್ತೆಯಲ್ಲಿ ಮೂರು ಮೈಲಿ ಸುತ್ತಿ ಬಂದು ತಟ್ಟೆ ಹಿಡಿದು ಕೂತಿದ್ದಾರೆ. ನಡೆದು ಬನ್ನಿ ಎಂದು ಆಂಟಿ ಹೇಳಿರಲೇ ಇಲ್ಲ. ಕಾಲಿದ್ದವರು ನಡೆಯುತ್ತಾರೆಂದು ನಂಬಿದ್ದರು, ಪಾಪ.

ವಿಷಯ ತಿಳಿದದ್ದೇ ಆಂಟಿ ಬಿರಿಯಾನಿ ಹಂಡೆಗೆ ಅಡ್ಡ ನಿಂತರು. "ಒಂದು ಅಗಳೂ ಸಿಗಂಗಿಲ್ಲ! ಆ ತುದೀಗೆ ನಡಕೋತ ಹೋಗಿ, ಅಜ್ಜಿಗೆ ಮಾರಿ ತೋರಿಸಿ ಬರ್ರಿ. ಆಮ್ಯಾಲೆ ಊಟ!"

ಬಿರಿಯಾನಿಗೆ ಬೆನ್ನು ಹಾಕಿ ನಡೆಯುವುದೆಂದರೆ ಸುಮ್ಮನೆಯೇ? ಹೈ ಹೀಲ್ಸ್ ಕೈಗೆ ಬಂದವು, ಸೆರಗು ಸೊಂಟಕ್ಕೇರಿತು. ಹೃದಯದ ಡಾಕ್ಟರ್ ಶಂಕರ್ ಎಲ್ಲರಿಗಿಂತ ಮೊದಲು ಏದುಸಿರು ಬಿಟ್ಟರು. "ಡ್ಯಾಡ್, ಇಟ್ಸ್ ನಾಟ್ ಈವನ್ ಎ ಮೈಲ್!" ಎಂದಳು ಮಗಳು ಜಾನ್ವಿ. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು.

ಎಣಿಕೆ ಐವತ್ತು ದಾಟಿ ಅರವತ್ತಮೂರಕ್ಕೆ ನಿಂತಿತು. ಕೊನೆಯವರು ಖಾದರ್ ಅಂಕಲ್. ಬೆವರು ಒರೆಸುತ್ತ ಮರಳಿ ಬಂದು ಹೆಂಡತಿಯನ್ನೇ ನೋಡಿದರು. "ದಿನಾ ಇಷ್ಟು ಚಂದದ ಹಾದ್ಯಾಗ ಬರ್ತಿದ್ದೇನ? ಹೇಳಬಾರದಾ?"

"ಹೇಳಿದ್ರ ನೀವು ಕಾರು ತರ್ತಿದ್ರಿ," ಎಂದರು ಆಂಟಿ.

ಶಿಫಾರಸು ಫಲಿಸಿ ದಾರಿ ಉಳಿಯಿತು. ಸಮಿತಿ ಆಂಟಿಗೂ ಒಂದು ಕುರ್ಚಿ ಕೊಟ್ಟಿತು. ಮೊದಲ ಸಭೆ ನಾಲ್ಕು ಮೈಲಿ ದೂರದಲ್ಲಿ, ಮಧ್ಯೆ ಫುಟ್‌ಪಾತೂ ಇಲ್ಲ. ಅಂಕಲ್ ಮೆಲ್ಲಗೆ ಕೇಳಿದರು, "ಡ್ರಾಪ್ ಮಾಡ್ಲೇನು?"

"ಇವತ್ತಿಗೆ ಮಾಡ್ರಿ. ಅಲ್ಲೀತನಕ ಒಂದು ಹಾದಿ ಬೇಕಂತ ಹೇಳಾಕ ಹೊಂಟೀನಿ."